ಸರೋಜಳಿಗೆ ತೋರಿಸಲು ತೆಗೆದ ಬೀದಿ

ಸರೋಜಳನ್ನು ಕುದುರೆಮುಖದಿಂದ ಎಬ್ಬಿಸಿಕೊಂಡು ಬರಲು ನಾನು ಮಾಡದ ಉಪಾಯವಿಲ್ಲ. 2007ರ ಮಾತು. ಗಣಿ ನಿಂತು ವರ್ಷ ದಾಟಿತ್ತು. ಅವಳ ಸಾಲಿನ ಕ್ವಾರ್ಟರ್ಸುಗಳಿಗೆಲ್ಲ ಬೀಗ ಬಿದ್ದು, ದೀಪ ಹಚ್ಚುವವಳು ಅವಳೊಬ್ಬಳೇ ಉಳಿದಿದ್ದಳು. ಗಂಡ ತೀರಿಕೊಂಡ ಮನೆ, ಬಿಟ್ಟು ಬರುವುದಿಲ್ಲ ಎಂದು ಹಟ. ಇಷ್ಟು ವರ್ಷ ಒಂದೇ ಶಾಲೆಯಲ್ಲಿ ಜೊತೆಗೆ ಪಾಠ ಮಾಡಿದವಳು ನಾನು; ನನ್ನ ಮಾತಿಗೂ ಬೆಲೆ ಇಲ್ಲವೇ?

ಟೌನ್‌ಶಿಪ್ಪಿನಿಂದ ನಿವೃತ್ತರಾದ ನಾವೊಂದಿಷ್ಟು ಜನ ಚಿಕ್ಕಮಗಳೂರಿನಲ್ಲಿ, ಕಡೂರಿಗೆ ಹೋಗುವ ದಿಕ್ಕಿನಲ್ಲಿ ಸೈಟು ತೆಗೆದುಕೊಂಡದ್ದು ಬಿಸಿಲಿಗಾಗಿ. ನಗಬೇಡಿ. ಮಳೆಗಾಲ ಪೂರ್ತಿ ಒಲೆಯ ಮೇಲೆ ಬಟ್ಟೆ ಒಣಗಿಸಿದವರಿಗೆ ಅದರ ಬೆಲೆ ಗೊತ್ತು. ಕುದುರೆಮುಖದ ಕ್ವಾರ್ಟರ್ಸಿನಲ್ಲಿ ಎಲ್ಲರ ಮನೆಗೂ ಒಂದೇ ಕೆನೆ ಬಣ್ಣ. ಸ್ವಂತ ಮನೆ ಆದದ್ದೇ ತಡ, ಒಬ್ಬೊಬ್ಬರಿಗೂ ಹುಚ್ಚು ಹಿಡಿಯಿತು. ಅಕೌಂಟ್ಸಿನಲ್ಲಿದ್ದ ರಂಗನಾಥ ರಾಯರು ಗಿಣಿಹಸಿರು ಬಳಿಸಿದರು. ಅದನ್ನು ನೋಡಿ ಎದುರುಮನೆ ಗುರುವಯ್ಯ ದಾಸವಾಳದ ಕೆಂಪು. ಮದುವೆಯ ಗೋಜಿಗೇ ಹೋಗದ ನಾನೇನು ಕಮ್ಮಿಯೇ? ಗೋಡೆಗೆ ಅರಿಶಿನ, ಕಿಟಕಿಗೆ ನೀಲಿ. ನನ್ನ ಪಕ್ಕದ ಪುಟ್ಟ ಮನೆ ಬಾಡಿಗೆಗೆ ಖಾಲಿಯಿತ್ತು. ಯುಗಾದಿ ತನಕ ಸರೋಜಳಿಗಾಗಿ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಅದರ ಮಾಲೀಕರು ಹೇಳಿದ್ದರು.

ಮಾತಿಗೆ ಬಗ್ಗದವಳಿಗೆ ಕಣ್ಣಾರೆ ತೋರಿಸೋಣವೆಂದು ರಾಯರ ಕ್ಯಾಮೆರಾ ಇಸಿದುಕೊಂಡು ಹೊಸ ರೀಲು ಹಾಕಿಸಿದೆ. ಫೋಟೋ ಎಂದರೆ ನನಗೆ ಟೌನ್‌ಶಿಪ್ಪಿನ ಅಭ್ಯಾಸ. ದೊಡ್ಡ ಸಾಹೇಬರು ಬರುವ ದಿನ, ಫೋಟೋದವನು ಬರುವ ದಿನ ಬೀದಿ ಚೊಕ್ಕಟವಾಗಿರಬೇಕಿತ್ತು. ಹಗ್ಗದ ಮೇಲೆ ಬಟ್ಟೆ ಇರಬಾರದು, ಮಕ್ಕಳೆಲ್ಲ ಒಳಗೆ. ಇಲ್ಲಿಯೂ ಹಾಗೇ ಮಾಡಿದೆ.

"ರಾಯರೇ, ಕುರ್ಚಿ ಸಮೇತ ಒಳಗೆ ಹೋಗಿ. ನಿಮ್ಮ ಬನಿಯನ್ ಯಾರು ನೋಡ್ಬೇಕು?"

"ನಮ್ಮನೆ ಮುಂದೆ ನಾನು ಕೂತ್ಕೊಳ್ಳೋದೂ ತಪ್ಪಾ ಮೇಡಂ?" ಎಂದು ಗೊಣಗುತ್ತಲೇ ಎದ್ದರು.

ಗುರುವಯ್ಯನ ಹೆಂಡತಿ ಹಪ್ಪಳ ಒಣಹಾಕಿದ್ದ ಚಾಪೆ ಎತ್ತಿಸಿದೆ. ಹರಟೆ ಹೊಡೆಯುವ ಕಟ್ಟೆ ಖಾಲಿ ಮಾಡಿಸಿದೆ. ಒಬ್ಬರನ್ನೂ ಬಿಡಲಿಲ್ಲ. ಸ್ಟುಡಿಯೋದವನು ಫೋಟೋಗಳನ್ನು ಕೊಟ್ಟಾಗ, ಬೆಳಗಿನ ಬಿಸಿಲಲ್ಲಿ ಥಳಥಳ ಹೊಳೆಯುವ ಆ ಗೋಡೆಗಳನ್ನು ನೋಡಿ ನನಗೇ ಹೆಮ್ಮೆಯಾಯಿತು.

ಮರುದಿನವೇ ಬಸ್ಸು ಹತ್ತಿದೆ. ಕಳಸ ದಾಟಿ, ತಿರುವು ಮೇಲೆ ತಿರುವು ಸುತ್ತಿ ಕುದುರೆಮುಖದಲ್ಲಿ ಇಳಿದೆ. ನಾವು ದಿನಾ ಜೊತೆಯಾಗಿ ನಡೆದ ರಸ್ತೆಯಲ್ಲಿ ಹುಲ್ಲು ಬೆಳೆದಿತ್ತು. ಸಂಜೆ ಪಾಳಿ ಮುಗಿಸಿ ಬರುವವರ ಗದ್ದಲ, ಮಕ್ಕಳ ಕೂಗು, ಯಾರದೋ ಮನೆಯ ಮೀನು ಹುರಿಯುವ ವಾಸನೆಗೆ ಸರೋಜ ಮೂಗು ಮುಚ್ಚಿಕೊಳ್ಳುತ್ತಿದ್ದದ್ದು, ಎಲ್ಲಿ ಹೋಯಿತೋ ಅದೆಲ್ಲ! ಅಳು ಬಂತು, ಹೌದು. ಒರೆಸಿಕೊಂಡು ಅವಳ ಬಾಗಿಲು ತಟ್ಟಿದೆ.

ಸರೋಜ ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋ ನೋಡಿದಳು. ನೋಡಿ ಮುಗಿಸಿ ನನ್ನ ಮಡಿಲಿಗೇ ವಾಪಸು ಇಟ್ಟಳು.

"ಬಣ್ಣ ಚೆನ್ನಾಗಿದೆ ಮಾರಾಯ್ತಿ. ಆದ್ರೆ ಒಂದು ನರಪಿಳ್ಳೆ ಇಲ್ವಲ್ಲೇ ಸುಂದ್ರಿ! ಜನ ಇಲ್ಲದ ಬೀದಿ ನೋಡೋಕೆ ನಾನ್ಯಾಕೆ ಅಲ್ಲಿಗೆ ಬರ್ಲಿ? ಕಿಟಕಿ ತೆಗೆದ್ರೆ ಇಲ್ಲೇ ಇದೆ."

ನನಗೆ ಪಿತ್ತ ನೆತ್ತಿಗೇರಿತು.

"ಅಯ್ಯೋ, ಜನ ಇದಾರೆ ಕಣೇ! ನಾನೇ ಬೈದು ಒಳಗೆ ಕಳಿಸಿದ್ದು. ಸಂಜೆ ಆದ್ರೆ ಕಟ್ಟೆ ತುಂಬ ಜನ. ಎಲ್ಲರ ಹತ್ರಾನೂ ಜಗಳ ಆಡ್ತೀನಿ. ಆದ್ರೆ ಮನೆಗೆ ಬಂದು ಬಾಗಿಲು ಹಾಕ್ಕೊಂಡ್ರೆ ನಂಗೂ ಅಲ್ಲಿ ಯಾರೂ ಇಲ್ಲ. ನಿನ್ನ ಉದ್ಧಾರ ಮಾಡೋಕೆ ಬಂದೆ ಅಂದ್ಕೊಂಡ್ಯಾ? ನೀನಿಲ್ದೆ ನಂಗೆ ಆಗ್ತಿಲ್ಲ, ಅದಕ್ಕೆ ಬಂದೆ."

ಸರೋಜ ಎದ್ದು ಒಳಕೋಣೆಗೆ ಹೋದಳು. ಕೋಪ ಬಂತೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಗಂಡನ ಫೋಟೋವನ್ನು ಗೋಡೆಯಿಂದ ಇಳಿಸಿಕೊಂಡು ಬಂದಳು. ಗಾಜಿನ ಅಂಚಿಗೆಲ್ಲ ಬೂಷ್ಟು ಹಿಡಿದಿತ್ತು. ಸೆರಗಿನಿಂದ ಒರೆಸುತ್ತ ಕೇಳಿದಳು:

"ನಿನ್ನ ಪಕ್ಕದ ಆ ಮನೇಲಿ ಬೆಳಿಗ್ಗೆ ಬಿಸಿಲು ಬೀಳೋ ಗೋಡೆ ಯಾವ್ದೇ? ಇವ್ರನ್ನ ಅಲ್ಲೇ ಹಾಕ್ಬೇಕು."

"ಬಿಸಿಲಿಗೆ ಫೋಟೋ ಬಿಳಿಚಿಕೊಳ್ತದೆ ಕಣೇ."

"ಬಿಳಿಚಿಕೊಳ್ಳಲಿ ಬಿಡು. ಗಣೀಲಿ ಮಳೆಗೆ ನೆಂದು ನೆಂದೇ ಹೋದವ್ರು. ಇನ್ನಾದ್ರೂ ಬೆಚ್ಚಗಿರ್ಲಿ."