ನಾಲ್ಕು ಗಂಟಿನ ಹಗ್ಗ

ಸರ್, ಸರ್ ಅಂತ ಹಿಂದೆ ಏನೋ ಸವರುತ್ತಿದೆ, ಒದ್ದೆ ಎಲೆಗಳ ಮೇಲೆ, ಬೆಕ್ಕಿರಬೇಕು ಅಂದುಕೊಂಡಳು, ಅಲ್ಲ, ಹಗ್ಗದ ತುದಿ, ಹಿಡಿಯುವ ಕೈಯಿಲ್ಲದ ತುದಿ, ಬೆನ್ನ ಹಿಂದೆ ಮಂಜಿನಲ್ಲಿ ನೆಲ ಸವರಿಕೊಂಡು ಬರುತ್ತಿದೆ, ತಿರುಗಿ ನೋಡಬಾರದು, ನೋಡಿದರೂ ಕಾಣುವುದೇನು, ಮಾಸ್ಕಿನೊಳಗಿನ ಉಸಿರು ಮೇಲೇರಿ ಕನ್ನಡಕಕ್ಕೆಲ್ಲ ಹಬೆ, ಮುಂದೆ ನಾದಿನಿಯ ಕೆಂಪು ಟೋಪಿ ಬರೀ ಒಂದು ಕಲೆ, ಅದರಾಚೆ ಡ್ರಿಲ್ ಟೀಚರು ಇದ್ದಾರೆ ಅನ್ನುವುದಕ್ಕೆ ಅವರ ಎಡ-ಬಲ ಎಡ-ಬಲವೇ ಗುರುತು. ಅತ್ತಿಗೆ, ಆ ತುದಿ ಕತ್ತರಿಸಿಬಿಡಿ, ಬೆಳಗ್ಗೆ ಹೊರಡುವಾಗಲೇ ನಾದಿನಿ ಅಂದಳು, ಮೂರು ಜನಕ್ಕೆ ನಾಲ್ಕು ಗಂಟು ಯಾಕೆ, ಕೊಳೆಯೆಲ್ಲ ಬಳ್ಕೊಂಡು ಬರುತ್ತೆ, ಯಾರಾದ್ರೂ ಎಡವಿ ಬಿದ್ರೆ ಅದೊಂದು ಬೇರೆ — ತಪ್ಪಿಲ್ಲ ಅವಳ ಮಾತಿನಲ್ಲಿ, ಆದರೆ ಹೇಳುವಾಗ ಅವಳೂ ನೆಲವನ್ನೇ ನೋಡುತ್ತಿದ್ದಳು, ಮತ್ತು ಟೀಚರು, ಬೀದಿಗೆಲ್ಲ ಅಪ್ಪಣೆ ಕೊಡುವ ಟೀಚರು, ಬಗ್ಗಿ ಶೂ ಲೇಸು ಕಟ್ಟುತ್ತಿದ್ದರು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಕೊಳ ಸುತ್ತಿ ಬೆಂಚಿನ ತನಕ ಹೋಗೋಣ, ಅಲ್ಲಿ ಕತ್ತರಿಸ್ತೀನಿ ಅಂದುಬಿಟ್ಟಳು ಇವಳು. ಈಗ ಕೋಟಿನ ಜೇಬಿನಲ್ಲಿ ತನ್ನ ಹೊಲಿಗೆ ಅಂಗಡಿಯ ದೊಡ್ಡ ಕತ್ತರಿ, ಹೆಜ್ಜೆಗೊಮ್ಮೆ ತೊಡೆಗೆ ತಾಗುತ್ತದೆ.

ಕತ್ತರಿ ಅಂತ ಇವಳಿಗೆ ಹೆಸರಿಟ್ಟವಳೂ ಆ ನಾಲ್ಕನೇ ಗಂಟಿನವಳೇ, ಎದುರಿನ ಬೇಕರಿಯವಳು, ಇಡೀ ಬೀದಿಗೆ ಬನ್ನು, ಕೆನ್ನೆ ನೋಡಿದ ಮೇಲೆ ಬೇರೆ ಹೆಸರು ಯಾರಿಗೂ ಹೊಳೆಯುವುದಿಲ್ಲ, ಏ ಕತ್ತರಿ, ನನ್ನ ಸ್ಕರ್ಟು ಒಂದು ಬೆರಳು ಸಡಿಲ ಮಾಡೇ, ಚಳಿಗಾಲಕ್ಕೆ ಬಟ್ಟೆ ಕುಗ್ಗುತ್ತೆ ಕಣೇ ಅನ್ನುವಳು, ಬಟ್ಟೆ ಕುಗ್ಗಿತಂತೆ, ಬಟ್ಟೆ! ರೋಗ ಬಂದು ಅಂಗಡಿಗಳೆಲ್ಲ ಬಾಗಿಲು ಹಾಕಿ, ಹೊಲಿಗೆ ಬಿಚ್ಚಿ ಸರಿಮಾಡುವ ಇವಳು ಮಾಸ್ಕು ಹೊಲಿಯುತ್ತ ಕೂತು ಕತ್ತು ಹಿಡಿದುಕೊಂಡು, ಯಾರ ಮನೆಗೆ ಯಾರೂ ಹೋಗುವ ಹಾಗಿಲ್ಲದೆ ಆದಾಗ ಟೀಚರು ಕಿಟಕಿಯ ಕೆಳಗೆ ನಿಂತು ಕೂಗಿದ್ದರು, ಒಳಗೇ ಕೂತ್ರೆ ರೋಗ ಬರೋಕೆ ಮುಂಚೆ ತುಕ್ಕು ಹಿಡೀತೀರ, ಹೊರಗೆ ಬನ್ರೇ, ಹೊರಗೆ ಗಾಳಿ ಇದೆ, ದೂರ ದೂರ ನಡೆಯೋಣ. ಬನ್ನು ಬೇಕರಿಯ ಬಾಗಿಲಿಂದಲೇ, ನಾನೂ ಬರ್ತೀನಿ ತಾಳಿ, ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದಂತೆ, ನನಗಂತೂ ಕುರ್ಚಿಯೇ ಸಾಲ್ತಿಲ್ಲ. ಮೊದಲ ದಿನ ಮಂಜಿನಲ್ಲಿ ದೂರ ದೂರ ನಡೆದು ನಡೆದು ಅವಳು ಯಾರೋ ಗಂಡಸಿನ ಹಿಂದೆ ಹೋಗಿ, ಅರ್ಧ ಕೊಳ ಸುತ್ತುವಷ್ಟರಲ್ಲಿ ತನ್ನ ಮಂಡಿನೋವಿನ ಪುರಾಣವೆಲ್ಲ ಅವನಿಗೆ ಒಪ್ಪಿಸಿ, ಪಾಪ, ಅವನು ಕೊನೆಗೆ ಎಣ್ಣೆ ಹಚ್ಚಿ ನೋಡಿ ಅಂದನಂತೆ — ನಕ್ಕು ನಕ್ಕು ಟೀಚರಿಗೆ ಬಿಕ್ಕಳಿಕೆ. ಆ ಸಂಜೆಯೇ ಇವಳು ಮಾಸ್ಕು ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಜಡೆ ಹೆಣೆದ ಹಾಗೆ ಹೆಣೆದಳು, ಕೈಚಾಚಿದರೂ ತಾಗದಷ್ಟು ದೂರಕ್ಕೊಂದು ಗಂಟು, ಒಬ್ಬೊಬ್ಬರಿಗೊಂದು ಬಣ್ಣ, ಕೊನೆಯದಕ್ಕೆ ಬನ್ನುವಿನ ಹಳೇ ಏಪ್ರನ್ನಿನ ಹಳದಿ ತುಂಡು, ಒಂದು ಸಲ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಕಿವಿ ಕೊಡಬೇಕು, ಯಾಕಂದರೆ ಮಾಸ್ಕಿನೊಳಗಿಂದ ಆಡಿದ ಮಾತು ಮುಂದಿನವರಿಗೆ ಮುಟ್ಟುವಷ್ಟರಲ್ಲಿ ಗುಂಯ್ ಅನ್ನುವ ದುಂಬಿ. ಬನ್ನು ಎಳೆಯದ ದಿನವಿದೆಯೇ. ಬಾತುಕೋಳಿ ಕಂಡರೆ ಎಳೆತ, ಮಂಡಿ ಕೂಗಿದರೆ ಎಳೆತ, ಏನೂ ಇಲ್ಲದಿದ್ದರೆ ಸುಮ್ಮನೆ, ಇದೀರೇನ್ರೇ ಅಂತ ನೋಡೋಕೆ ಅಂತ ಒಂದು ಎಳೆತ. ಯಾರೇ ಅದು ಎಳೆದಿದ್ದು ಅಂತ ಮುಂದಿನಿಂದ ಟೀಚರು ಗದರಿದರೆ ಬನ್ನು ನಾನಲ್ಲಪ್ಪ, ಕತ್ತರಿ ಅನ್ನುವಳು, ಇವಳು ನಿಂತೆ ಕಣೇ ನಿಂತೆ ಅನ್ನುವಳು, ಎಲ್ಲರೂ ನಿಲ್ಲುವರು, ಬೈದುಕೊಂಡೇ. ಆ ಚಳಿಗಾಲದಲ್ಲಿ ಬದುಕಿದ್ದೇವೆ ಅನ್ನಿಸುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಕೊನೆಯ ಸಲ ನಾಲ್ವರೂ ನಡೆದ ದಿನವೂ ಬನ್ನು ಬ್ರೆಡ್ಡು ತಂದಿದ್ದಳು, ದಿನಾ ತರುತ್ತಿದ್ದಳು, ಬೇರೆ ಬೇರೆ ಕಾಗದದ ಚೀಲದಲ್ಲಿ, ಬೆಂಚಿನ ಮೇಲಿಟ್ಟು ದೂರ ಸರಿದು ನಿಲ್ಲುವಳು, ಆಮೇಲೆ ಒಬ್ಬೊಬ್ಬರೇ ಹೋಗಿ ತಗೊಳ್ಳುವುದು, ಇನ್ನೊಂದು ಕೈಯಲ್ಲಿ ಅವರವರ ಗಂಟು. ಚೀಲ ಬಿಚ್ಚಿದ ನಾದಿನಿ, ಇದೇನೇ ಬನ್ನು, ಹೆಂಚಿನ ಚೂರು ತಂದಿದೀಯ, ಸೀದ ವಾಸನೆ, ಬೇಕರಿಗೆ ಬೆಂಕಿ ಗಿಂಕಿ ಬಿತ್ತೇನೇ! ತಳವೆಲ್ಲ ಕರಿ. ಮಂಜಿನಲ್ಲೂ ಇವಳ ಮೂಗಿಗೆ ಸುಟ್ಟ ಹಿಟ್ಟಿನ ವಾಸನೆ ಅಡರಿತ್ತು. ಹೌದೇನೇ, ಬನ್ನು ತನ್ನ ಚೀಲವನ್ನು ಮೂಗಿನ ತನಕ ಎತ್ತಿ, ಮಾಸ್ಕು ಜಾರಿಸಿ, ಮೂಸಿ, ಮತ್ತೆ ಮೂಸಿ, ಹೌದೇನೇ, ನಂಗೇನೂ ಬರ್ತಿಲ್ವಲ್ಲೇ — ಬೀದಿಯ ಆ ತುದಿಯಿಂದ ಒಲೆಯ ಹದ ಹೇಳುತ್ತಿದ್ದವಳು, ಮೂಗಿನಲ್ಲೇ ಅಂಗಡಿ ನಡೆಸಿದವಳು. ರೋಗದ ಆ ಲಕ್ಷಣ ಯಾರಿಗೆ ಗೊತ್ತಿರಲಿಲ್ಲ, ದಿನಾ ರೇಡಿಯೋದಲ್ಲಿ ಅದೇ. ಟೀಚರು ಹಗ್ಗ ಬಿಟ್ಟರು. ನಾದಿನಿ ಬಿಟ್ಟಳು. ಇವಳ ಕೈಯೂ ಬಿಟ್ಟಿತು, ಬಿಡು ಅಂತ ಇವಳು ಹೇಳಲಿಲ್ಲ, ಕೈ ತಾನೇ ಬಿಟ್ಟಿತು, ತಾನು ಹೆಣೆದ ಹಗ್ಗವನ್ನು, ಕೆಂಡ ಮುಟ್ಟಿದ ಹಾಗೆ, ಹಗ್ಗವೆಲ್ಲ ನೆಲಕ್ಕೆ ಬಿದ್ದು ಒಂದೇ ಒಂದು ತುದಿ ಮಾತ್ರ ಮೇಲೆ, ಹಳದಿ ಗಂಟು, ಬನ್ನುವಿನ ಮುಷ್ಟಿಯಲ್ಲಿ. ಅಯ್ಯೋ, ಹಾವು ಕಂಡೋರ ಹಾಗೆ ಬಿಟ್ರಲ್ರೇ ಅಂತ ಅವಳು ನಕ್ಕಳು, ನಗುವೇ ಅದು, ನಗುವಿನ ಹಾಗೇ ಕೇಳಿಸಿತು, ಆಮೇಲೆ ಮಂಡಿನೋವಿನವಳು ಬಗ್ಗಿ ಬಗ್ಗಿ ಉದ್ದಕ್ಕೂ ಸುತ್ತಿಕೊಂಡಳು, ಒಬ್ಬಳೇ, ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ, ಸುತ್ತಿದ್ದನ್ನು ಬೆಂಚಿನ ಮೇಲಿಟ್ಟು, ಬಿಸಿನೀರಲ್ಲಿ ತೊಳ್ಕೊಳ್ರೇ ಅಂದು, ಮಂಜಿನೊಳಗೆ ಹೋಗಿಬಿಟ್ಟಳು, ಕೈ ಬೀಸಲೂ ಇಲ್ಲ, ಅಥವಾ ಬೀಸಿದಳೇನೋ, ಕನ್ನಡಕದ ತುಂಬ ಹಬೆ.

ಇವಳು ಹಗ್ಗ ತೊಳೆದಳು. ಬಿಸಿನೀರು, ಸೋಪು, ಮತ್ತೆ ಬಿಸಿನೀರು, ಹಳದಿ ಬಣ್ಣ ಬಿಟ್ಟು ಬಕೆಟ್ಟೆಲ್ಲ ಹಳದಿ, ಕಿಟಕಿಗೆ ಒಣಹಾಕಿದರೆ ಎದುರಿಗೆ ಬೇಕರಿಯ ಷಟರು, ಕೆಳಗಿನ ತನಕ ಎಳೆದದ್ದು, ಬನ್ನುವಿನ ತಮ್ಮ ಮಹಡಿಯ ಕಿಟಕಿಯಲ್ಲಿ ನಿಂತು ಬರೀ ಕೈಯಾಡಿಸುವನು, ಅಕ್ಕ ಹಾಗೇ ಇದಾಳೆ, ಹಾಗೇ ಇದಾಳೆ ಅನ್ನುವ ಹಾಗೆ, ಆಮೇಲೊಂದು ದಿನ ಕೈಯಾಡಿಸಲಿಲ್ಲ, ಪರದೆ ಎಳೆದ, ಬೀದಿಗೆಲ್ಲ ಗೊತ್ತಾಯಿತು. ಅದಕ್ಕೆ ಮುಂಚೆ ಒಂದು ಸಲ ಫೋನು ಬಂದಿತ್ತು, ಆಸ್ಪತ್ರೆಯಿಂದ, ಬನ್ನುವಿನದೇ ದನಿ ಅಂತ ನಂಬಲು ಸ್ವಲ್ಪ ಹೊತ್ತು ಹಿಡಿಯಿತು, ಒಂದೊಂದು ಮಾತಿಗೂ ಮೆಟ್ಟಿಲು ಹತ್ತಿ ಬಂದವಳ ಹಾಗೆ, ತೊಳೆದೇನೇ ಹಗ್ಗ? ತೊಳೆದೆ ಕಣೇ. ಒಣಗಿತಾ? ಒಣಗ್ತಿದೆ, ಬಿಸಿಲೇ ಇಲ್ವಲ್ಲ, ನೀನು ಮಾತಾಡ್ಬೇಡ, ಸುಮ್ನೆ ಮಲ್ಕೋ. ನನ್ ಗಂಟು ಯಾರಿಗೂ ಕೊಡ್ಬೇಡ, ಬರ್ತೀನಿ. ಹೂಂ ಅಂದಳು ಇವಳು. ಅವತ್ತು ಕೈ ಬಿಟ್ಟದ್ದಕ್ಕೆ ಬೇಜಾರಾ ಅಂತ ಕೇಳಬೇಕಿತ್ತು, ಬೈಯೇ ಒಂದು ಸಲ ಅನ್ನಬೇಕಿತ್ತು, ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು, ಹೂಂ ಅಂದಳು ಅಷ್ಟೇ, ಹಾಳು ಬಾಯಿ, ಊರ ಮಾತೆಲ್ಲ ಆಡುವ ಬಾಯಿ.

ಎಡ-ಬಲ, ಎಡ-ಬಲ. ನೀರಿನ ವಾಸನೆ ಬಂತು, ಜೊಂಡು ಬಂತು, ಇನ್ನು ತಿರುವು, ತಿರುವಿನಲ್ಲಿ ಬೆಂಚು, ಬೆಂಚು ಇಷ್ಟು ಬೇಗ ಬರಬಾರದಿತ್ತು. ಕತ್ತರಿಸುವುದೇನು ಕಷ್ಟ, ದಿನವಿಡೀ ಅದೇ ಕೆಲಸ, ಬಿಗಿಯಾದದ್ದನ್ನು ಬಿಚ್ಚು, ಉದ್ದವಾದದ್ದನ್ನು ಕತ್ತರಿಸು, ಮೂವರಿಗೆ ಮೂರು ಗಂಟು, ಲೆಕ್ಕ ಸರಿ, ಹಗ್ಗವೂ ಹಗುರ, ಟೀಚರು ಮೊದಲಿನ ಹಾಗೆ ಗದರುತ್ತಾರೆ, ನಾದಿನಿ ಮೊದಲಿನ ಹಾಗೆ ಗೊಣಗುತ್ತಾಳೆ, ನಡೆಯಲೇಬೇಕಲ್ಲ, ಕೂತರೆ ಈ ಚಳಿ ಎಲ್ಲರನ್ನೂ ತಿಂದುಹಾಕುತ್ತದೆ. ಜೇಬಿಗೆ ಕೈ ಹಾಕಿದಳು, ಕತ್ತರಿಯ ಹಿಡಿ ಮಂಜುಗಡ್ಡೆ. ಅತ್ತಿಗೆ, ಬೆಂಚು ಬಂತು, ಮುಂದಿನಿಂದ ನಾದಿನಿ, ಮೆಲ್ಲಗೆ. ಹೂಂ. ಸರ್, ಸರ್ ಅಂತ ಬರುತ್ತಿದ್ದದ್ದು ಬೆಂಚನ್ನು ದಾಟಿದ ಮೇಲೂ ಬರುತ್ತಲೇ ಇತ್ತು, ಇನ್ನೆರಡು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ನಿಲ್ಲುತ್ತೇನೆ, ಆಮೇಲೆ —

ಹಿಂದಿನಿಂದ ಎಳೆಯಿತು. ಒಂದೇ ಸಲ, ಗಟ್ಟಿಯಾಗಿ, ಇದೀರೇನ್ರೇ ಅನ್ನುವ ಹಾಗೆ. ನಿಂತೆ ಕಣೇ ನಿಂತೆ, ಬಾಯಿಂದ ಬಂದೇಬಿಟ್ಟಿತು, ನಾದಿನಿ ನಿಂತಳು, ಎಡ-ಬಲ ನಿಂತಿತು, ಮಂಜಿನ ಆಚೆಯಿಂದ ಟೀಚರು, ರೂಢಿಯ ದನಿಯಲ್ಲೇ, ಯಾರೇ ಅದು ಎಳೆದಿದ್ದು — ಅಂದವರು ಮಾತು ಮುಗಿಯುವ ಮುಂಚೆಯೇ ಬಾಯಿ ಮುಚ್ಚಿಕೊಂಡರು. ನಾನಲ್ಲಪ್ಪ ಅನ್ನುವವರಿಲ್ಲ. ಕನ್ನಡಕ ತೆಗೆದಳು, ತಿರುಗಿದಳು, ಬೆಂಚಿನ ಕಬ್ಬಿಣದ ಕಾಲಿಗೆ ಸಿಕ್ಕಿಕೊಂಡಿದೆ ಗಂಟು, ಹಗ್ಗ ಬಿಗಿಯಾಗಿ ನಿಂತಿದೆ, ಇವಳ ಕೈಯಿಂದ ಅಲ್ಲಿಯವರೆಗೆ, ಹಿಡಿದವರಿದ್ದಾಗ ನಿಲ್ಲುವ ಹಾಗೇ, ಈ ಸಲ ಕೈ ಬಿಡಲಿಲ್ಲ, ಬಿಡುವುದಿಲ್ಲ, ಗಂಟು, ತೊಳೆದು ಬಣ್ಣ ಹೋದ ಹಳದಿ, ಗಂಟು, ಬೆಂಚಿನ ಕಾಲಿನಲ್ಲಿ, ಹಳದಿ ಗಂಟು