ರಮಾಕಾಂತನ ತಾಯಿ

"ಎಡಗಾಲು ಎಳಿ ಅಂದ್ರೆ ಬಲಗಾಲು ಎಳೀತೀಯಲ್ಲೇ, ದರಿದ್ರ ಮುಂಡೇದೆ. ಇನ್ನೊಂದ್ಸಲ ನಡಿ."

ಜಯಲಕ್ಷ್ಮಿ ಸೋಫಾದಲ್ಲಿ ಕೂತೇ ಕುಂಟುವುದನ್ನು ಕಲಿಸುತ್ತಿದ್ದಳು. ನಾಗಮ್ಮ ನೆಲ ಒರೆಸುವ ಕೋಲು ಹಿಡಿದೇ ಕುಂಟಿದಳು. ಒರೆಸುವುದೂ ಆಗಬೇಕಲ್ಲ.

ಮದ್ದೂರು ಕಡೆಯ ಹೊಲಗೇರಿಯಿಂದ ಬ್ರಿಸ್ಬೇನಿನ ನಾರ್ತ್ ಲೇಕ್ಸಿಗೆ ಮನೆಗೆಲಸಕ್ಕೆ ಬಂದವಳು ನಾಗಮ್ಮ. ಅವಳ ತಟ್ಟೆ ಲೋಟ ಇರುವುದು ಗ್ಯಾರೇಜಿನಲ್ಲಿ. ತೆರಿಗೆಯವರ ಲೆಕ್ಕದಲ್ಲಿ ಮಾತ್ರ ಅವಳು ಜಯಲಕ್ಷ್ಮಿಯ ಗಂಡ ಇಂಜಿನಿಯರ್ ರಮಾಕಾಂತನ ಹೆತ್ತ ತಾಯಿ, ಏನೂ ಕೈಲಾಗದ ಮುದುಕಿ. ಅಂಥ ತಾಯಿಯನ್ನು ಸಾಕುವ ಪುಣ್ಯಾತ್ಮರಿಗೆ ಈ ದೇಶದಲ್ಲಿ ತೆರಿಗೆ ಕಡಿಮೆ. ಅವಳ ಕೈಲಾಗುವುದಿಲ್ಲವೆಂದು ಬರೆದುಕೊಡಲು ಇವತ್ತು ಡಾಕ್ಟರು ಬರುವವರಿದ್ದರು.

"ಮಗ್ಳು ತುಂಬು ಬಸ್ರಿ ಬುದ್ಧಿ. ಬಾಣಂತನಕ್ಕೆ ಹೋಗ್ಬತ್ತೀನಿ, ನನ್ ಪಾಸ್‌ಪೋರ್ಟ್ ಕೊಡಿ," ಎಂದು ಬೆಳಿಗ್ಗೆ ರಮಾಕಾಂತನನ್ನು ಕೇಳಿದ್ದಳು. ಅದು ಅವನ ಬೀರುವಿನಲ್ಲಿತ್ತು.

"ನೀನ್ ಹೋದ್ರೆ ತಾಯಿ ಅಂತ ಯಾರನ್ನ ತೋರಿಸ್ಲಿ? ಮುಚ್ಕೊಂಡು ಕೆಲಸ ನೋಡು," ಎಂದಿದ್ದ.

ಮಧ್ಯಾಹ್ನ ಬಿಳಿಯ ಡಾಕ್ಟರಮ್ಮ ಬಂದರು. ಮನೆಯವರು ನಾಗಮ್ಮನನ್ನು ಮೊದಲ ಸಲ ಸೋಫಾದಲ್ಲಿ ಕೂರಿಸಿ, ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟರು. ಕಾಫಿ ಮಾಡಿದವಳೂ ಅವಳೇ. ಈ ಮನೆಯ ಮಗಳು ಕವನಾ, ಹೈಸ್ಕೂಲು ಹುಡುಗಿ, ಇಬ್ಬರ ಮಾತನ್ನೂ ಅನುವಾದಿಸಿ ಹೇಳಲು ಪಕ್ಕದಲ್ಲಿ ಕೂತಳು.

ಎಲ್ಲಿ ನೋವು ಎಂದರು ಡಾಕ್ಟರಮ್ಮ.

"ಅಂಗಾಲು ಕನವ್ವ. ದಿನಾ ನನ್ ಮಗನೇ ಒತ್ತೋದು. ಬಾ ಮಗಾ, ಒತ್ತು."

ಡಾಕ್ಟರಮ್ಮ ಮೆಚ್ಚಿಕೊಂಡು ಕಾದರು. ರಮಾಕಾಂತ ಹೆಂಡತಿಯ ಮುಖ ನೋಡಿದ, ನೆಲಕ್ಕೆ ಕೂತ, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದ. ಜಯಲಕ್ಷ್ಮಿ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದಳು.

"ಇನ್ನೊಸಿ ಬಲವಾಗಿ. ಹಾಂ. ಈಗ ನನ್ ಪಾಸ್‌ಪೋರ್ಟ್ ತಂದ್ಕೊಡು ಮಗಾ. ಬೀರುಲಿಟ್ಟು ಬೀಗ ಹಾಕಿದೀಯಲ್ಲ, ಅದು."

ಕವನಾ ಅದನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರ ಪಾಸ್‌ಪೋರ್ಟಿಗೆ ನೀವೇಕೆ ಬೀಗ ಹಾಕಿದ್ದೀರಿ ಎಂದು ಕೇಳಿದರು.

ರಮಾಕಾಂತ ಎದ್ದು ಹೋಗಿ ತಂದುಕೊಟ್ಟ.

ನಾಗಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಿಧಾನವಾಗಿ ಕಾಫಿ ಮುಗಿಸಿ, ಎಂಜಲು ಕಪ್ಪನ್ನು ಟೀಪಾಯಿಯ ಮೇಲೆಯೇ ಬಿಟ್ಟು ಎದ್ದಳು.

"ಈ ಬಡ್ಡಿಮಗನ್ನ ನಾನು ಹೆತ್ತಿಲ್ಲ ಅಂತ ಹೇಳು ಕವನಮ್ಮ."

ಹೇಳಿ ಬಾಗಿಲ ಕಡೆ ನಡೆದಳು. ಯಾವ ಕಾಲನ್ನೂ ಎಳೆಯಲಿಲ್ಲ.