ನಡುಗೋಡೆ ಒಡೆಯುವ ಮುಂಚೆ

ಹಳೇ ಮನೆಯ ನಡುಗೋಡೆ ಯಾರ ಕಣ್ಣಿಗೆ ಚುಚ್ಚುವುದಿಲ್ಲ ಹೇಳಿ? ಕಮಲಾಪುರದ ಸೂಗಮ್ಮನಿಗೂ ಚುಚ್ಚುತ್ತಿತ್ತು. ಅವಳ ಹೊಲಿಗೆ ಕ್ಲಾಸಿಗೆ ಬರುವ ಹೆಂಗಸರು ಇಕ್ಕಟ್ಟಿನಲ್ಲಿ ಮೊಣಕೈ ತಿವಿದುಕೊಂಡು ಕೂರುತ್ತಿದ್ದರು. ಹದಿನೆಂಟು ಅಡಿ ಉದ್ದದ ಆ ಗೋಡೆ ಹೋದರೆ ಎರಡು ಕೋಣೆ ಒಂದಾಗುತ್ತವೆ. ಆದರೆ ಮೇಲಿನ ಛತ್ತನ್ನು, ಅಂದರೆ ಪರಸಿಕಲ್ಲಿನ ಚಪ್ಪಡಿ ಹಾಸಿದ ಮಾಳಿಗೆಯನ್ನು, ಹೊತ್ತಿರುವುದೇ ಅದು.

ಗಂಡ ಜಗದೇವಪ್ಪ ಕಲಬುರಗಿಯ ಗುಜರಿಯಿಂದ ಹಳೇ ಗರ್ಡರ್, ಅಂದರೆ ಕಬ್ಬಿಣದ ತೊಲೆ, ತಂದು ಅಂಗಳದಲ್ಲಿ ಕೆಡವಿದ.

"ಗ್ವಾಡಿ ತಗದು ಇದನ್ನ ಹಾಕೋದು. ನಾಕು ಮಂದಿ ಮ್ಯಾಲ ಹತ್ತಿ ಕುಣದೀವಿ, ಮಿಸುಕಲಿಲ್ಲ!"

ಕಲಬುರಗಿಯಲ್ಲಿ ಕಟ್ಟಡದ ಇಂಜಿನಿಯರ್ ಆಗಿರುವ ಪಕ್ಕದ ಮನೆಯ ಕಾವೇರಿ ರಜೆಗೆ ಬಂದಿದ್ದಳು. "ಕುಣಿವಾಗ ಗರ್ಡರ್ ಕೆಳಗ ಊರಿದ್ದ ಎರಡು ಕಲ್ಲಿನ ನಡುವ ಎಷ್ಟು ದೂರ ಇತ್ತು, ಕಾಕಾ?"

"ಹಿಂಗ... ನಾಕು ಅಡಿ."

"ಮನ್ಯಾಗ ಹದಿನೆಂಟು ಅಡಿ ಅದಲ್ಲ!"

"ಕಬ್ಬಿಣ ಕಬ್ಬಿಣನೇ ಇರ್ತದ, ತಂಗಿ. ಉದ್ದ ಹಾಕಿದ್ರ ಬೆಣ್ಣಿ ಆಗ್ತದೇನು?"

ಕಾವೇರಿ ಎರಡು ಸ್ಟೂಲು ಹತ್ತಿರ ಇಟ್ಟು, ಮೇಲೆ ತೆಳ್ಳನೆಯ ಕಬ್ಬಿಣದ ಸಳಿ ಅಡ್ಡ ಹಾಕಿ, ನಡುವೆ ನೀರಿನ ಕೊಡ ತೂಗುಹಾಕಿಸಿದಳು. ಸಳಿ ನೆಟ್ಟಗಿತ್ತು. "ಈಗ ಸ್ಟೂಲು ನೀವೇ ದೂರ ಸರಿಸ್ರಿ." ಜಗದೇವಪ್ಪ ಸರಿಸಿದ. ಅದೇ ಸಳಿ, ಅದೇ ಕೊಡ. ಸಳಿ ಬಾಗಿ ಬಾಗಿ ಕೊಡ ನೆಲಕ್ಕೆ ಕೂತಿತು.

"ಕಾಕಾ, ಒಂದು ಅಂದಾಜು ಅದ. ಗರ್ಡರ್ ಎಷ್ಟು ಎತ್ತರ ಅದನೋ, ಎರಡು ಆಧಾರದ ನಡುವಿನ ದೂರ ಅದರ ಇಪ್ಪತ್ತು ಪಟ್ಟು ದಾಟಬಾರದು. ನಿಮ್ದು ಆರಿಂಚು, ಅಂದ್ರ ಹತ್ತು ಅಡಿ. ಅದೂ ಹಗುರ ಭಾರಕ್ಕ. ಮ್ಯಾಲ ಪರಸಿ, ಮಣ್ಣು ಅದ, ಇನ್ನೂ ಕಮ್ಮಿ. ಈ ಅಂದಾಜು 'ಬ್ಯಾಡ' ಅನ್ಲಿಕ್ಕೆ ಸಾಕು, 'ಹಾಕ್ರಿ' ಅನ್ಲಿಕ್ಕೆ ಸಾಲಲ್ಲ. ಅದಕ್ಕ ಭಾರದ ಪೂರಾ ಲೆಕ್ಕ ಬೇಕು."

ಜಗದೇವಪ್ಪ ಗೊಣಗಿದ. "ನಾಳಿ ಗ್ವಾಡಿ ಒಡೆಯೋ ಮಂದಿ ಬರ್ತಾರ."

ಸೂಗಮ್ಮ ಹೋಗಿ ನಡುಗೋಡೆಗೆ ಬೆನ್ನು ಕೊಟ್ಟು ಕೂತಳು. "ಬರ್ಲಿ. ಮೊದಲ ಸುತ್ತಗಿ ನನ್ನ ತಲಿಗೇ ಹಾಕ್ಸ್ರಿ. ಆ ಛತ್ತಿನ ಕೆಳಗ ಕೂಡೋ ಹೆಣ್ಣಮಕ್ಕಳನ್ನ ಕರದಾಕಿ ನಾನು. ಅವ್ರ ಮನಿಗೆ ಹೋಗಿ ಜವಾಬು ಹೇಳವ್ರು ಯಾರು?"

ಜಗದೇವಪ್ಪ ನೆಲಕ್ಕೆ ಕೂತ ಕೊಡ ನೋಡಿದ, ಹೆಂಡತಿಯನ್ನು ನೋಡಿದ. ಫೋನ್ ತೆಗೆದು ಒಡೆಯುವವರಿಗೆ ಬರಬೇಡಿ ಎಂದ. "ತಂಗಿ, ಅಳತಿ ತಗೋ. ನಡುವ ಕಂಬ ಬೇಕಂದ್ರ ಕಂಬ, ದೊಡ್ಡ ಗರ್ಡರ್ ಬೇಕಂದ್ರ ದೊಡ್ಡದು."

"ಲೆಕ್ಕ ಆಗೋತನಕ ಗ್ವಾಡಿ ಮುಟ್ಟಂಗಿಲ್ಲ" ಎಂದಳು ಸೂಗಮ್ಮ, ಕೂತಲ್ಲಿಂದಲೇ.

ಗೋಡೆ ಒಡೆಯಲು ಹೊರಟವರೇ, ಕುಣಿದು ನೋಡಿದೆವು ಎಂಬುದು ಪರೀಕ್ಷೆಯಲ್ಲ. ಮೊದಲು ಎರಡು ಆಧಾರಗಳ ನಡುವಿನ ದೂರ ಅಳೆಯಿರಿ. ಎಷ್ಟು ಭಾರ ಬರುತ್ತದೆ ಎಂದು ಇಂಜಿನಿಯರರಿಂದ ಲೆಕ್ಕ ಹಾಕಿಸಿರಿ. ಗೋಡೆ ನಾಲ್ಕು ದಿನ ತಡವಾಗಿ ಬಿದ್ದರೆ ನಷ್ಟವಿಲ್ಲ. ಛತ್ತು ಮಾತ್ರ ಬೀಳಬಾರದು.